ಪರದೆಯ ಆಟ ಮತ್ತು ಪಾನೀಯದ ಪ್ರಚಾರ

ವ್ಯಾಪಾರಿಯು ತನ್ನ ಸರಕನ್ನು ಸಾರಿ ಹೇಳಲು ಜನರಿಗೆ ಮೊದಲೇ ಪ್ರಿಯವಾದ ರೂಪಗಳನ್ನು ಆಶ್ರಯಿಸುವುದು ಹಳೆಯ ರೂಢಿ. ದೇವರ ಚಿತ್ರ, ನಟನ ಮುಖ, ಆಟಗಾರನ ಹೆಸರು ಈ ಕಾರ್ಯಕ್ಕೆ ಬಹುಕಾಲದಿಂದ ಬಳಕೆಯಾಗಿವೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿಡಿಯೋ ಆಟದ ಚಿತ್ರಗಳೂ ಈ ಸಾಲಿಗೆ ಸೇರಿದವು. ಎರವಲು ತಂದ ರೂಪದೊಡನೆ ಅದರ ಭಾವವೂ ಬರುತ್ತದೆ. ಅಮೆರಿಕದ ಕೋಕಾ-ಕೋಲಾ ಕಂಪನಿಯ ಎರಡು ಪ್ರಯತ್ನಗಳು ಇದಕ್ಕೆ ನಿದರ್ಶನ.

1978ರಲ್ಲಿ ಜಪಾನಿನ ಟೈಟೋ ಸಂಸ್ಥೆಯು ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವನ್ನು ಹೊರತಂದಿತು. ಅದನ್ನು ರೂಪಿಸಿದವರು ತೊಮೊಹಿರೊ ನಿಶಿಕಾಡೊ. ಸಾಲುಸಾಲಾಗಿ ಮೇಲಿನಿಂದ ಇಳಿದು ಬರುವ ಅನ್ಯಗ್ರಹದ ಜೀವಿಗಳನ್ನು ಗುಂಡು ಹಾರಿಸಿ ಅಳಿಸುವುದೇ ಆಟದ ತಿರುಳು. 1980ರಲ್ಲಿ ಅಟಾರಿ ಸಂಸ್ಥೆಯು ಮನೆಯ ಟೆಲಿವಿಷನ್‌ನಲ್ಲಿ ಆಡಬಹುದಾದ ಆವೃತ್ತಿಯನ್ನು ನೀಡಿದಾಗ ಇದು ಅಮೆರಿಕದ ಮಕ್ಕಳಿಗೆ ಚಿರಪರಿಚಿತವಾಯಿತು.

1983ರಲ್ಲಿ ಕೋಕಾ-ಕೋಲಾ ಕಂಪನಿಯು ಅಟಾರಿಯಿಂದ ಇದರ ವಿಶೇಷ ರೂಪವೊಂದನ್ನು ಮಾಡಿಸಿತು. ಅನ್ಯಗ್ರಹದ ಜೀವಿಗಳ ಸ್ಥಾನದಲ್ಲಿ ಪ್ರತಿಸ್ಪರ್ಧಿಯಾದ ‘ಪೆಪ್ಸಿ’ಯ ಹೆಸರಿನ ಅಕ್ಷರಗಳು ಇಳಿದು ಬರುತ್ತಿದ್ದವು. ಆಡುವವನಿಗೆ ಸಾವಿಲ್ಲ, ಮೂರು ನಿಮಿಷ ಕಳೆದೊಡನೆ ಕೋಕ್ ಗೆದ್ದಿತೆಂಬ ಘೋಷಣೆ ಮೂಡುತ್ತಿತ್ತು. ಇದರ 125 ಪ್ರತಿಗಳನ್ನು ಮಾತ್ರ ತಯಾರಿಸಿ ಅಟ್ಲಾಂಟಾ ನಗರದ ಮಾರಾಟ ಸಮ್ಮೇಳನದಲ್ಲಿ ಕಂಪನಿಯ ನೌಕರರಿಗೆ ಹಂಚಲಾಯಿತು. ಇದು ಕೇವಲ ವಿನೋದವೆಂದು ಹೇಳಬಹುದು. ಆದರೆ ಅದೇ ಪಾನೀಯದ ವ್ಯಾಪಾರ ಮಾಡುವ ಇನ್ನೊಬ್ಬನು ಇಲ್ಲಿ ಗುಂಡಿಗೆ ಗುರಿಯಾದ ಶತ್ರುವಾದನು. ಸ್ಪರ್ಧೆಯು ಸಂಹಾರದ ವೇಷ ತೊಟ್ಟಿತು.

ಇಪ್ಪತ್ತಮೂರು ವರ್ಷಗಳ ನಂತರ ಅದೇ ಕಂಪನಿಯು ಮತ್ತೊಂದು ಆಟದ ರೂಪವನ್ನು ಆಶ್ರಯಿಸಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ 1997ರಲ್ಲಿ ಪ್ರಕಟವಾದ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯಲ್ಲಿ ಕಾರುಗಳ್ಳತನ, ಹೊಡೆತ, ಕೊಲೆಗಳೇ ಆಟದ ಸಾಮಗ್ರಿ. 2006ರ ಜಾಹೀರಾತು ಆ ಹೆಸರನ್ನೆತ್ತದೆ ಅದೇ ಬಗೆಯ ಬೀದಿಯನ್ನೂ ಅದೇ ಬಗೆಯ ಒರಟು ನಾಯಕನನ್ನೂ ತೋರಿಸಿತು. ಆತನು ಇನ್ನೊಬ್ಬನನ್ನು ಕಾರಿನಿಂದ ಹೊರಗೆಳೆಯುತ್ತಾನೆ. ನೋಡುವವರು ಪೆಟ್ಟನ್ನು ನಿರೀಕ್ಷಿಸುತ್ತಿರುವಾಗ ಕೈಗೆ ಪಾನೀಯದ ಬಾಟಲಿಯನ್ನು ಕೊಡುತ್ತಾನೆ. ಕಳ್ಳನಿಂದ ಕೈಚೀಲವನ್ನು ಬಿಡಿಸಿ ಒಡತಿಗೆ ಒಪ್ಪಿಸುತ್ತಾನೆ. 2007ರ ಫೆಬ್ರವರಿಯಲ್ಲಿ ಅಮೆರಿಕದ ಪ್ರಸಿದ್ಧ ಫುಟ್‌ಬಾಲ್ ಅಂತಿಮ ಪಂದ್ಯದ ಪ್ರಸಾರದಲ್ಲಿಯೂ ಇದು ಕಾಣಿಸಿಕೊಂಡಿತು.

ಮೊದಲನೆಯದು ಹಿಂಸೆಯ ರೂಪವನ್ನು ಇದ್ದಂತೆಯೇ ತೆಗೆದುಕೊಂಡಿತು. ಎರಡನೆಯದು ಅದನ್ನು ಮಗುಚಿ ಹಾಕಿತು. ಈ ವ್ಯತ್ಯಾಸವನ್ನು ಮೆಚ್ಚಲೇಬೇಕು. ಎತ್ತಿದ ಕೈ ಹೊಡೆಯಲೇಬೇಕೆಂಬ ನಿಯಮವಿಲ್ಲವೆಂದು ಅರುವತ್ತು ಕ್ಷಣಗಳ ಚಿತ್ರವೊಂದು ಲಕ್ಷಾಂತರ ಜನರಿಗೆ ತೋರಿಸಿಕೊಟ್ಟಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ನಾಯಕನ ಒಳ್ಳೆಯತನ ಹುಟ್ಟುವುದು ಬಾಟಲಿಯನ್ನು ಬರಿದು ಮಾಡಿದ ಮೇಲೆ! ಕರುಣೆಗೆ ಕಾರಣವು ಅಂತಃಕರಣವಲ್ಲ, ಸರಕು ಎಂದಾಯಿತು. ಸಕ್ಕರೆ ಬೆರೆತ ನೀರು ಸದ್ಗುಣವನ್ನು ಕೊಡಲಾರದು.

ಜಾಹೀರಾತನ್ನು ಬರೆಸುವವನು ಬಣ್ಣಕ್ಕೂ ಅಕ್ಷರಕ್ಕೂ ಬೆಲೆ ಕಟ್ಟುತ್ತಾನೆ. ತಾನು ಎರವಲು ತಂದ ಭಾವಕ್ಕೂ ಲೆಕ್ಕ ಕೊಡಬೇಕಾದವನು ಅವನೇ. ಗ್ರಾಹಕನ ಹಣ ಒಮ್ಮೆ ಗಲ್ಲಾಪೆಟ್ಟಿಗೆಗೆ ಬರುತ್ತದೆ; ಎಳೆಯ ಮನಸ್ಸಿನೊಳಗೆ ಹೊಕ್ಕ ಚಿತ್ರವು ಬಹುಕಾಲ ಅಲ್ಲಿಯೇ ಉಳಿಯುತ್ತದೆ.