ಕೂಡುರಸ್ತೆಯ ಅಂದ: ಎಂಟನೇ ಮೈಲಿಯಿಂದ ವರ್ತೂರು ಕೋಡಿಯವರೆಗೆ

ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ ಓದಿ ಅಭ್ಯಾಸವಿರುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮಣ್ಣು ಅಗೆತ, ಮೋರಿ, ಜಲ್ಲಿ, ಡಾಂಬರು ಎಲ್ಲ ಮುಗಿದ ಮೇಲೆ ಕೊನೆಯಲ್ಲೊಂದು ಸಾಲು ಬರುತ್ತದೆ: ಸೌಂದರ್ಯೀಕರಣ. ಕಾರಂಜಿ, ಹುಲ್ಲುಹಾಸು, ಬಣ್ಣದ ದೀಪ, ಗ್ರಾನೈಟ್ ಅಂಚು ಎಲ್ಲವೂ ಅದರಲ್ಲೇ. ದುಡ್ಡು ಸಾಲದಿದ್ದರೆ ಮೊದಲು ಕೈಬಿಡುವುದು ಅದನ್ನೇ. ಉದ್ಘಾಟನೆಗೆ ಮಂತ್ರಿ ಬರುತ್ತಾರೆಂದರೆ ರಾತ್ರೋರಾತ್ರಿ ಮುಗಿಸುವುದೂ ಅದನ್ನೇ.

ಹೀಗೆ ಕೊನೆಯ ಸಾಲಾಗುವ ಮೊದಲು ನಮ್ಮ ಕೂಡುರಸ್ತೆಗಳಿಗೆ ಅಂದ ಇರಲಿಲ್ಲವೇ? ಇತ್ತು, ಆದರೆ ಅದಕ್ಕೆ ಆ ಹೆಸರಿರಲಿಲ್ಲ. ಎರಡು ದಾರಿ ಸೇರುವಲ್ಲಿ ಅರಳಿಮರ, ಮರಕ್ಕೆ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು, ಪಕ್ಕದಲ್ಲಿ ತಲೆಯ ಹೊರೆ ಇಳಿಸಲು ನಿಲ್ಲಿಸಿದ ಕಲ್ಲು, ಬೇಸಿಗೆಯಲ್ಲಿ ಅರವಟ್ಟಿಗೆ. ಒಂದೂ ನೋಡಲಿಕ್ಕೆಂದು ಇಟ್ಟದ್ದಲ್ಲ. ಕೂರಲು, ಕುಡಿಯಲು, ಕೈ ಮುಗಿಯಲು ಇಟ್ಟದ್ದು. ನೋಡಲೂ ಚೆನ್ನಾಗಿತ್ತು, ಅಷ್ಟೆ.

ಬೆಂಗಳೂರಿನ ಹೊರವಲಯದಲ್ಲಿ ಇವೆಲ್ಲ ಬಹುಪಾಲು ಹೋಗಿವೆ. ಉಳಿದಿರುವುದು ಹೆಸರು. ತುಮಕೂರು ರಸ್ತೆಯ ‘ಎಂಟನೇ ಮೈಲಿ’ ತೆಗೆದುಕೊಳ್ಳಿ. ದೇಶ ಕಿಲೋಮೀಟರಿಗೆ ಬದಲಾಗಿ ಅರ್ಧ ಶತಮಾನ ದಾಟಿದರೂ ಕಂಡಕ್ಟರ್ ಇವತ್ತಿಗೂ ಕೂಗುವುದು ಮೈಲಿಯನ್ನೇ. ‘ಜಾಲಹಳ್ಳಿ ಕ್ರಾಸ್’ ಎಂದರೆ ಹೆದ್ದಾರಿಯಿಂದ ಜಾಲಹಳ್ಳಿಗೆ ಹೋಗಲು ಬಸ್ ಇಳಿಯುವ ಜಾಗ. ‘ವರ್ತೂರು ಕೋಡಿ’ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಸ್ಥಳ. ಟಿನ್ ಫ್ಯಾಕ್ಟರಿ, ಗ್ರಾಫೈಟ್ ಇಂಡಿಯಾ, ಸಿಲ್ಕ್ ಬೋರ್ಡ್ ಇವೆಲ್ಲ ಕೈಗಾರಿಕೆಯ ಕಾಲ ಬಿಟ್ಟುಹೋದ ಹೆಸರುಗಳು. ಕಂಡಕ್ಟರ್ ಕೂಗುವ ಈ ಪಟ್ಟಿಯಷ್ಟು ಸರಿಯಾದ ಸ್ಥಳೀಯ ಚರಿತ್ರೆ ಬೇರೆ ಸಿಗುವುದು ಕಷ್ಟ.

ವೃತ್ತವನ್ನೇ ಊರಿನ ನಡುಮನೆಯಾಗಿ ಮಾಡಿದ ಒಂದು ಪ್ರಯೋಗವೂ ಇದೇ ವಲಯದಲ್ಲಿ ನಡೆದಿತ್ತು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರ್ ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಂದಾಳು ಡೇವಿಡ್ ಇಮ್ಯಾನ್ಯುಯಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರ ಹೆಸರಿನಿಂದ ವೈಟ್‌ಫೀಲ್ಡ್ ಆಯಿತು. ಊರಿನ ನಕ್ಷೆಯ ನಡುವೆ ಒಂದು ವೃತ್ತ, ಸುತ್ತ ತೋಟವಿದ್ದ ಮನೆಗಳು. ಅದನ್ನೇ ಇಂದಿಗೂ ಇನ್ನರ್ ಸರ್ಕಲ್ ಎನ್ನುತ್ತಾರೆ. ಅಲ್ಲಿ ವೃತ್ತ ಇದ್ದದ್ದು ಗಾಡಿ ತಿರುಗಿಸಲಿಕ್ಕಲ್ಲ, ಮನೆಗಳು ಒಂದಕ್ಕೊಂದು ಮುಖ ಮಾಡಿರಲಿ ಎಂದು. ಅಲ್ಲಿಂದ ಸ್ವಲ್ಪ ದೂರದ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ಸಂಜೆ ಏಳಕ್ಕೆ ನಿಂತು ನೋಡಿ. ಎರಡೂ ಒಂದೇ ಊರಿನವು ಎಂದು ನಂಬುವುದು ಕಷ್ಟ.

ಸ್ವಾತಂತ್ರ್ಯಾನಂತರ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ ಬಂತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಪೀಣ್ಯ ಬೆಳೆಯತೊಡಗಿತ್ತು, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತ್ತು. ಈ ಕಾಲದ ಯೋಜಕರ ತಲೆಯಲ್ಲಿ ಅಂದ ಎಂದರೆ ಕಾಂಪೌಂಡ್ ಒಳಗಿನ ವಿಷಯ. ಫ್ಯಾಕ್ಟರಿಯ ಒಳಗೆ ಮರ, ಹೂದೋಟ, ಕ್ವಾರ್ಟರ್ಸ್, ಆಟದ ಮೈದಾನ. ಗೇಟಿನ ಹೊರಗಿನ ಕೂಡುರಸ್ತೆ ಯಾರದ್ದೂ ಅಲ್ಲ. 1983ರಲ್ಲಿ ಎಚ್‌ಎಂಟಿ ನಗರಕ್ಕೊಂದು ಹೂವಿನ ಗಡಿಯಾರ ಮಾಡಿಕೊಟ್ಟಿತು. ಅದು ಇರುವುದು ಲಾಲ್‌ಬಾಗ್‌ನಲ್ಲಿ. ಜಾಲಹಳ್ಳಿಯ ಕಾರ್ಖಾನೆ ಕೊಟ್ಟ ಅಂದ ನಗರದ ಒಳಗೆ ಹೋಯಿತು. ಗಡಿಯಾರ ಜೋಡಿಸಿದ ಕೈಗಳು ದಿನವೂ ಬಸ್ಸಿಗೆ ಕಾಯುತ್ತಿದ್ದ ಜಾಲಹಳ್ಳಿ ಕ್ರಾಸ್‌ಗೆ ಅಂಥದ್ದೇನೂ ಬರಲಿಲ್ಲ.

ಹೊರವಲಯಕ್ಕೆ ನೋಡುವಂಥದ್ದು ಬಂದದ್ದು 2003ರಲ್ಲಿ, ಕೆ.ಆರ್. ಪುರದ ತೂಗುಸೇತುವೆಯ ರೂಪದಲ್ಲಿ. ಕೆಳಗೆ ರೈಲು ಹಳಿ ಇರುವಲ್ಲಿ ಕಂಬ ಊರದೆ ಉದ್ದನೆಯ ಸೇತುವೆ ನಿಲ್ಲಿಸಬೇಕೆಂದರೆ ಮೇಲಿನಿಂದ ಕೇಬಲ್‌ಗಳಲ್ಲಿ ಎಳೆದು ಹಿಡಿಯುವುದು ಒಂದು ಉಪಾಯ. ಅಂದರೆ ಅದರ ಚೆಲುವು ಅಲಂಕಾರವಲ್ಲ, ಕೆಲಸದಿಂದಲೇ ಹುಟ್ಟಿದ್ದು. ಕೋಲಾರದ ಕಡೆಯಿಂದ ಬರುವವರಿಗೆ ಅದು ಕಂಡರೆ ಬೆಂಗಳೂರು ಬಂತು ಎಂದೇ ಲೆಕ್ಕ. ಆದರೆ ಸೇತುವೆ ಇಳಿದ ತಕ್ಷಣ ಟಿನ್ ಫ್ಯಾಕ್ಟರಿ. ಅಲ್ಲಿ ಹಳೆ ಮದ್ರಾಸ್ ರಸ್ತೆ, ಹೊರವರ್ತುಲ ರಸ್ತೆ, ಬಸ್ಸು, ಆಟೊ, ಲಗೇಜು ಹೊತ್ತವರು ಎಲ್ಲ ಒಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಗಾಡಿಗಳಿಗೆ ಕೊಟ್ಟ ಗಮನದ ಕಾಲುಭಾಗವನ್ನೂ ನಡೆಯುವವರಿಗೆ ಕೊಡಲಿಲ್ಲ ಎಂಬುದು ನನ್ನ ತಕರಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ ಹೇಳುವುದು ಇಷ್ಟೆ: ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಲಿ, ಎತ್ತರ 150 ಮಿಲಿಮೀಟರ್ ಮೀರದಿರಲಿ. ಟೇಪು ಹಿಡಿದು ಅಳೆದರೆ ನಮ್ಮ ಎಷ್ಟು ಜಂಕ್ಷನ್ ಪಾಸಾಗುತ್ತವೋ!

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಎಲ್ಲವೂ ಒಂದೇ ಕಚೇರಿಯ ಕೆಳಗೆ ಬಂದವು. 2010ರ ಜನವರಿಯಲ್ಲಿ ಹೊಸೂರು ರಸ್ತೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಮೇಲ್ಸೇತುವೆ ತೆರೆಯಿತು. ಟೋಲ್ ಕಟ್ಟಿದವರು ಮೇಲೆ ಹಾರಿಹೋದರು. ಗಾರ್ವೇಭಾವಿಪಾಳ್ಯ, ಕೂಡ್ಲು ಗೇಟ್, ಸಿಂಗಸಂದ್ರದವರಿಗೆ ಕೆಳಗೆ ಕಂಬಗಳ ಸಾಲು ಸಿಕ್ಕಿತು.

ನಗರದ ಇಂಥ ಕಂಬಗಳಿಗೆ, ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ ಶುರುಮಾಡಿದವರಲ್ಲಿ ‘ದಿ ಅಗ್ಲಿ ಇಂಡಿಯನ್’ ಗುಂಪು ಮುಖ್ಯ. 2010ರಲ್ಲಿ ಆರಂಭವಾದ ಈ ಗುಂಪಿನವರು ತಮ್ಮ ಹೆಸರು ಹೇಳಿಕೊಳ್ಳುವುದಿಲ್ಲ. ನನಗೆ ಇಷ್ಟವಾಗುವುದು ಅವರ ತ್ರಿಕೋನ, ಚೌಕಗಳ ಚಿತ್ತಾರಕ್ಕಿಂತ ಗೋಡೆಯ ಕೆಳಗೆ ಬಳಿಯುವ ಕೆಂಗಂದು ಪಟ್ಟಿ. ಎಲೆಅಡಿಕೆ ಕಲೆ, ಮಳೆಗೆ ಸಿಡಿಯುವ ಕೆಸರು ಎರಡೂ ಅದರಲ್ಲಿ ಕಾಣುವುದಿಲ್ಲ. ನಮ್ಮ ಹಳ್ಳಿಮನೆಗಳಲ್ಲಿ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದದ್ದೂ ಇದೇ ಲೆಕ್ಕಾಚಾರದಿಂದ. ಜನ ಉಗಿಯುತ್ತಾರೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಅಲಂಕಾರ ಅದು. ಬಿಳಿ ಗ್ರಾನೈಟ್ ಹಾಕಿಸುವ ಗುತ್ತಿಗೆದಾರರು ಇದನ್ನೊಮ್ಮೆ ನೋಡಬೇಕು.

ಇದಕ್ಕೆ ತದ್ವಿರುದ್ಧದ್ದು ವರ್ತೂರು ಕೋಡಿಯಲ್ಲಿ ನಡೆಯಿತು. ನಗರದ ಕೊಳಚೆ ಬೆಳ್ಳಂದೂರು ಕೆರೆ ದಾಟಿ ವರ್ತೂರಿಗೆ ಬಂದು, ಕೋಡಿಯಲ್ಲಿ ಧುಮುಕಿ ದಕ್ಷಿಣ ಪಿನಾಕಿನಿಯತ್ತ ಹೋಗುತ್ತದೆ. ಸಾಬೂನು, ಡಿಟರ್ಜೆಂಟ್ ಬೆರೆತ ನೀರು ಎತ್ತರದಿಂದ ಬಿದ್ದರೆ ನೊರೆ ಏಳಲೇಬೇಕು. 2015ರ ಸುಮಾರಿಗೆ ಆ ನೊರೆ ಹಿಮದಂತೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯತೊಡಗಿತು. ದೇಶದ ಪತ್ರಿಕೆಗಳೆಲ್ಲ ಫೋಟೊ ಹಾಕಿದವು. ಆಗ ಸೇತುವೆಯ ಪಕ್ಕ ಎತ್ತರಕ್ಕೆ ತಂತಿಬಲೆ ಕಟ್ಟಿಸಲಾಯಿತು. ಕೋಡಿ ಹರಿದರೆ ಊರವರು ಬಾಗಿನ ಕೊಡುವ ಸಂಪ್ರದಾಯ ನಮ್ಮದು. ಅಂಥ ಕೋಡಿಯಿಂದ ರಸ್ತೆಯನ್ನು ಕಾಪಾಡಲು ಬೇಲಿ ಹಾಕಬೇಕಾಗಿ ಬಂತು.

ಅದೇ ಸಮಯದಲ್ಲಿ ನಗರದ ನಡುವೆ ಟೆಂಡರ್ ಶ್ಯೂರ್ ರಸ್ತೆಗಳು ತಯಾರಾಗುತ್ತಿದ್ದವು. ಮೊದಲು ನೆಲದಡಿಯ ಪೈಪು, ಕೇಬಲ್ಲು, ಚರಂಡಿ ಸರಿಮಾಡಿ ಆಮೇಲೆ ಅಗಲವಾದ ಪಾದಚಾರಿ ಮಾರ್ಗ ಹಾಸುವುದು ಅದರ ಕ್ರಮ. ಒಳ್ಳೆಯ ಕ್ರಮವೇ. ಆದರೆ ಮೊದಲ ಕಂತಿನಲ್ಲಿದ್ದದ್ದು ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಯಂಥವು. ಮುಂಜಾನೆ ಗಾರ್ಮೆಂಟ್ಸ್‌ಗೆ ಸಾವಿರಾರು ಹೆಣ್ಣುಮಕ್ಕಳು ನಡೆದುಹೋಗುವ ಪೀಣ್ಯದ ರಸ್ತೆಗಳಲ್ಲ.

ಮುಂದೆ ಸ್ವಾತಂತ್ರ್ಯದ 75ನೇ ವರ್ಷದ ಲೆಕ್ಕದಲ್ಲಿ ಬಿಬಿಎಂಪಿ 75 ಜಂಕ್ಷನ್‌ಗಳ ಅಭಿವೃದ್ಧಿಗೆ 150 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಸರಾಸರಿ ಒಂದಕ್ಕೆ 2 ಕೋಟಿ. ಎರಡು ಕೋಟಿಯಲ್ಲಿ ಮೇಲ್ಸೇತುವೆ ಆಗುವುದಿಲ್ಲ, ಆದರೆ ನೆರಳು, ಕೂರಲು ಜಾಗ, ಸಮತಟ್ಟಾದ ಪಾದಚಾರಿ ಮಾರ್ಗ, ಒಂದು ಶೌಚಾಲಯ ಖಂಡಿತ ಆಗುತ್ತದೆ. ಅದನ್ನು ಬಿಟ್ಟು ಕಾರಂಜಿಗೆ ಹೋದರೆ ಪಂಪು ಕೆಟ್ಟ ದಿನದಿಂದ ಅದು ಸೊಳ್ಳೆ ತೊಟ್ಟಿ.

ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ. 2025ರ ಆಗಸ್ಟ್‌ನಲ್ಲಿ ಓಡತೊಡಗಿದ ಹಳದಿ ಮೆಟ್ರೊ ಮಾರ್ಗದಲ್ಲಿ ‘ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ’, ‘ಬಯೋಕಾನ್ ಹೆಬ್ಬಗೋಡಿ’ ಎಂಬ ನಿಲ್ದಾಣಗಳಿವೆ. ಕಂಪನಿ ಮುಂದೆ, ಊರು ಹಿಂದೆ. ಆದರೂ ಊರು ಉಳಿಯಿತಲ್ಲ ಎಂದು ಸಮಾಧಾನಪಡಬಹುದು. ಗ್ರಾಫೈಟ್ ಇಂಡಿಯಾ ಸಿಗ್ನಲ್‌ನ ಕಥೆ ಇನ್ನೊಂದು ಬಗೆ. ಉಕ್ಕು ಕರಗಿಸುವ ವಿದ್ಯುತ್ ಕುಲುಮೆಗಳಿಗೆ ಎಲೆಕ್ಟ್ರೋಡ್ ತಯಾರಿಸುತ್ತಿದ್ದ ಆ ಕಾರ್ಖಾನೆ, ಮನೆಯೊಳಗೆ ಕರಿಪುಡಿ ಬೀಳುತ್ತದೆ ಎಂಬ ನಿವಾಸಿಗಳ ವರ್ಷಗಟ್ಟಲೆಯ ಹೋರಾಟದ ನಂತರ 2019ರಲ್ಲಿ ಮುಚ್ಚಿತು. ಹೆಸರು ಮಾತ್ರ ಸಿಗ್ನಲ್‌ಗೆ ಅಂಟಿಕೊಂಡಿದೆ. ಅಲ್ಲಿ ದುಡಿದವರದ್ದು, ಧೂಳು ಒರೆಸಿದವರದ್ದು ಎರಡೂ ನೆನಪನ್ನು ಹೇಳುವ ಒಂದು ಕಲ್ಲು ನಿಲ್ಲಿಸಲು ಎಷ್ಟು ಖರ್ಚಾದೀತು?

ಕಲ್ಲು ಏನು ಮಾಡಬಲ್ಲದು ಎಂಬುದಕ್ಕೆ ಹೆಬ್ಬಾಳವನ್ನು ನೋಡಬಹುದು. 2018ರಲ್ಲಿ ಅಲ್ಲಿ ಚರಂಡಿಗಾಗಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ದಾಳಿಯೊಂದರಲ್ಲಿ ಕಾದಾಡಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ನೆರೆಯವರೂ ಶಾಸನಾಸಕ್ತರೂ ಸೇರಿ ಅದಕ್ಕೆ ಮಂಟಪ ಕಟ್ಟಲು ಹೊರಟರು. ಅಂದಾಜು ಪಟ್ಟಿಯ ಕೊನೆಯ ಸಾಲಿನಿಂದ ಬಂದದ್ದಲ್ಲ ಅದು, ಮೊದಲ ಸಾಲಾದ ಮಣ್ಣು ಅಗೆತದಿಂದ ಬಂದದ್ದು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ಜಂಕ್ಷನ್ ಕಡತಗಳೂ ಹೊಸ ಕಚೇರಿಗಳಿಗೆ ಹಂಚಿಹೋಗುತ್ತವೆ, ಹೊಸ ಅಂದಾಜು ಪಟ್ಟಿಗಳು ಬರುತ್ತವೆ. ಅಗೆತಕ್ಕೆ ಇಷ್ಟು ಘನಮೀಟರ್ ಎಂದು ಅವುಗಳಲ್ಲಿ ಬರೆದಿರುತ್ತದೆ. ಅಗೆಯುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಜೆಸಿಬಿ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಬೇಕು ಎಂಬ ಒಂದು ಸಾಲನ್ನೂ ಅದೇ ಪುಟದಲ್ಲಿ ಸೇರಿಸಲು ಜಾಗವಿದೆ.