ಶಾಲೆಯ ಹಳೆಯ ವಹಿಗಳಲ್ಲಿ ನಮ್ಮ ಹಿರಿಯರು

ಶತಮಾನೋತ್ಸವದ ಸಿದ್ಧತೆಯ ದಿನಗಳಲ್ಲಿ ವಿಜಯನಗರದ ಹಲವು ಕುಟುಂಬದವರು ನಮ್ಮ ಬಳಿಗೆ ಬಂದು, "ಸ್ವಾಮಿ, ನಮ್ಮ ಮುತ್ತಜ್ಜ ಯಾವ ಊರಿನವರೆಂದು ಚರ್ಚಿನ ಪುಸ್ತಕ ನೋಡಿ ಹೇಳುವಿರಾ?" ಎಂದು ಕೇಳಿದ್ದುಂಟು. ವಿಜಯನಗರವು ಮೈಸೂರಿನ ಹೊಸ ಬಡಾವಣೆಗಳಲ್ಲೊಂದು. ಇಲ್ಲಿ ಮನೆ ಕಟ್ಟಿದವರ ಪೂರ್ವಜರು ಗಂಜಾಂ, ದೋರನಹಳ್ಳಿ ಮೊದಲಾದ ಹಳೆಯ ಧರ್ಮಕೇಂದ್ರಗಳಲ್ಲಿ ಬಾಳಿದವರಾಗಿರಬಹುದು. ಹೇಮಾವತಿ ಜಲಾಶಯದ ನೀರಿನ ನಡುವೆ ನಿಂತಿರುವ ಶೆಟ್ಟಿಹಳ್ಳಿಯ ದೇವಾಲಯವನ್ನು ಕಂಡವರಿಗೆ, ಒಂದು ಊರು ಹೇಗೆ ಚದುರಿಹೋಗುತ್ತದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಊರು ತಿಳಿಯದೆ ಜ್ಞಾನಸ್ನಾನದ ವಹಿಯನ್ನು ಎಲ್ಲಿ ಹುಡುಕುವುದು? ಆಗಲೇ ಶಾಲೆಯ ದಾಖಲೆಗಳು ನೆರವಿಗೆ ಬರುವುದು.

ಜ್ಞಾನಸ್ನಾನ ಹಾಗೂ ವಿವಾಹದ ವಹಿಗಳನ್ನು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಡತಕ್ಕದ್ದೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ಶಾಲೆಯ ವಹಿಗಳಿಗೆ ಅಷ್ಟು ವಯಸ್ಸಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1913ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನವನ್ನು ಮಾಡಿತು. ಅದು ಎಲ್ಲೆಡೆಯೂ ಒಂದೇ ಸಲಕ್ಕೆ ಜಾರಿಗೆ ಬಂದದ್ದಲ್ಲ. ಆದರೂ ಅಕ್ಷರ ಕಲಿಯಲು ಹೋದ ಬಡವನ ಮಗನ ಹೆಸರೂ ಒಂದು ವಹಿಯಲ್ಲಿ ಸೇರುವ ಕಾಲ ಬಂದಿತು.

ಶಾಲೆಯ ದಾಖಲಾತಿ ವಹಿಯಲ್ಲಿ ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಕಸುಬು, ವಾಸಸ್ಥಳ, ಜನ್ಮದಿನಾಂಕ, ಮೊದಲು ಓದಿದ ಶಾಲೆ, ಶಾಲೆ ಬಿಟ್ಟ ದಿನ ಹಾಗೂ ಕಾರಣ ಇವುಗಳಿಗೆ ಸಾಮಾನ್ಯವಾಗಿ ಕಲಮುಗಳಿರುತ್ತವೆ. ನಮ್ಮ ಅನುಭವದಲ್ಲಿ ಇವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು 'ಮೊದಲು ಓದಿದ ಶಾಲೆ' ಎಂಬ ಕಲಮು. ನಗರದ ಶಾಲೆಯಿಂದ ತಾಲ್ಲೂಕಿನ ಶಾಲೆಗೆ, ಅಲ್ಲಿಂದ ಹಳ್ಳಿಯ ಶಾಲೆಗೆ ಹಿಂದೆ ಹಿಂದೆ ನಡೆದರೆ ಕಡೆಗೆ ಊರು ದೊರೆಯುತ್ತದೆ. ಊರು ದೊರೆತ ಮೇಲೆ ಆ ಊರಿನ ಧರ್ಮಕೇಂದ್ರವೂ ದೊರೆಯುತ್ತದೆ. ಹಳೆಯ ವರ್ಗಾವಣೆ ಪತ್ರವು ಮನೆಯ ಟ್ರಂಕಿನಲ್ಲಿದ್ದರೆ ಅದರ ದಾಖಲೆ ಸಂಖ್ಯೆಯನ್ನು ಬರೆದುಕೊಂಡು ಮುಖ್ಯೋಪಾಧ್ಯಾಯರಿಗೆ ವಿನಯಪೂರ್ವಕವಾದ ಒಂದು ಅರ್ಜಿಯನ್ನು ಸಲ್ಲಿಸಿರಿ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಹೋಗಬೇಡಿರಿ!

ಹೆಸರಿನ ತೊಡಕು ಬೇರೆಯೇ ಇದೆ. ವಯಸ್ಸಾದ ಬಂಧುಗಳೊಬ್ಬರು ತಮ್ಮ ತಾತನವರ ಹೆಸರು ರಾಯಪ್ಪ ಎಂದು ಶಾಲೆಯ ವಹಿಯಿಂದ ಬರೆದು ತಂದರು. ಜ್ಞಾನಸ್ನಾನದ ವಹಿಯಲ್ಲಿ ಆ ವರ್ಷಗಳಲ್ಲಿ ರಾಯಪ್ಪನೆಂಬವನು ಒಬ್ಬನೂ ಇರಲಿಲ್ಲ. ಅವರ ಮುಖ ಬಾಡಿತು, "ಹಾಗಾದರೆ ತಾತನಿಗೆ ಜ್ಞಾನಸ್ನಾನವೇ ಆಗಿರಲಿಲ್ಲವೇ, ಸ್ವಾಮಿ?" ಎಂದರು. ನಾವು ಅವರನ್ನು ಕೂರಿಸಿ, ಪುಟಗಳನ್ನು ಮತ್ತೆ ತಿರುವಿ, 'ಪೇತ್ರುಸ್' ಎಂಬ ಲತೀನ್ ಹೆಸರನ್ನು ಹುಡುಕಿದೆವು. ತಂದೆಯ ಹೆಸರೂ ಊರೂ ಕೂಡಿಬಂದವು. ನಮ್ಮ ಮಿಷನ್ನಿನ ಫ್ರೆಂಚ್ ಗುರುಗಳು ವಹಿಯನ್ನು ಲತೀನಿನಲ್ಲಿ ಬರೆದರು; ತಮಿಳು ಸಂಪ್ರದಾಯದಿಂದ ಬಂದ ಉಪದೇಶಿಗಳೂ ಜನರೂ ಸಂತ ಪೇತ್ರರನ್ನು ರಾಯಪ್ಪರೆಂದು ಕರೆದರು. ಪೌಲುಸ್ ಎಂದರೆ ಚಿಕ್ಕವನು, ಆದ್ದರಿಂದ ಆತ ಚಿನ್ನಪ್ಪ. ಯೊವಾನ್ನರ ಹೆಸರಿನಲ್ಲಿ ದೇವರ ಕೃಪೆ ಅಡಗಿರುವುದರಿಂದ ಆತ ಅರುಳಪ್ಪ. ಶವೇರಿಯರ ಹೆಸರು ಚೌರಪ್ಪನಾಯಿತು, ಇಗ್ನಾಸಿಯ ಹೆಸರು ಇನ್ನಾಸಪ್ಪನಾಯಿತು. ಇಷ್ಟನ್ನು ಬಲ್ಲವನಿಗೆ ಅರ್ಧ ಕೆಲಸ ಮುಗಿದಂತೆಯೇ.

ಜನ್ಮದಿನಾಂಕವನ್ನು ಮಾತ್ರ ಸುಲಭವಾಗಿ ನಂಬಬಾರದು. ಜನನ-ಮರಣ ನೋಂದಣಿಯ ಕೇಂದ್ರ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಯ ಮೇಷ್ಟರು ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಗಿದೆಯೆಂದು ಅಂದಾಜಿನ ತಾರೀಖೊಂದನ್ನು ಬರೆದುಕೊಳ್ಳುತ್ತಿದ್ದರು. ಜೂನ್ ತಿಂಗಳ ಮೊದಲ ದಿನವೇ ಹುಟ್ಟಿದವರು ನಮ್ಮಲ್ಲಿ ಇಷ್ಟೊಂದು ಮಂದಿ ಇರುವುದು ಅದರಿಂದಲೇ. ಶಿಶುಗಳಿಗೆ ಆದಷ್ಟು ಬೇಗ ಜ್ಞಾನಸ್ನಾನ ಕೊಡಿಸುವುದು ಸಭೆಯ ಕಟ್ಟಳೆಯಾಗಿದ್ದುದರಿಂದ ದಿನಾಂಕದ ವಿಷಯದಲ್ಲಿ ಚರ್ಚಿನ ವಹಿಯ ಮಾತೇ ಹೆಚ್ಚು ನೆಚ್ಚತಕ್ಕದ್ದು. ತಾಯಿಯ ಹೆಸರೂ ಹಾಗೆಯೇ: ಶಾಲೆಯವರು ಹಿಂದೆ ಬಹುಮಟ್ಟಿಗೆ ತಂದೆಯನ್ನೇ ಕೇಳಿದರು. ಹೆತ್ತವಳ ಹೆಸರನ್ನೂ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನೂ ಉಳಿಸಿಟ್ಟದ್ದು ನಮ್ಮ ವಹಿ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇವೆ. ಕೆಲವರ ಹೆಸರು ಶಾಲೆಯಲ್ಲಿ ಒಂದು, ಚರ್ಚಿನಲ್ಲಿ ಇನ್ನೊಂದು. ಮತದ ಕಲಮಿನಲ್ಲಿ ಬೇರೊಂದು ಬರಹ. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಕ್ರೈಸ್ತನಾದ ಪರಿಶಿಷ್ಟ ಜಾತಿಯವನಿಗೆ ಆ ಸ್ಥಾನಮಾನವಿಲ್ಲ. ಮಗನ ಓದಿಗಾಗಿ ಒಬ್ಬ ಬಡ ತಂದೆ ಮೇಷ್ಟರ ಮುಂದೆ ಏನನ್ನು ಹೇಳಿದನೋ, ಏನನ್ನು ಹೇಳದೆ ಉಳಿದನೋ, ಅದನ್ನು ಇಂದು ಹೊಟ್ಟೆ ತುಂಬಿದ ಮೊಮ್ಮಕ್ಕಳು ತೂಗಿ ನೋಡುವುದು ನಮಗೆ ಸರಿಯೆನಿಸದು. ಪೋಷಕರ ಕಲಮಿನಲ್ಲಿ ತಂದೆಯ ಬದಲು ಸೋದರಮಾವನ ಹೆಸರಿರುವುದನ್ನೂ ಕಂಡಿದ್ದೇವೆ. 1898ರಲ್ಲಿ ಮೈಸೂರಿಗೆ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಎಷ್ಟು ಮಕ್ಕಳನ್ನು ತಬ್ಬಲಿಗಳನ್ನಾಗಿ ಮಾಡಿದವೆಂಬುದನ್ನು ನೆನೆದರೆ ಆ ಒಂದು ಸಾಲು ಸಾಕು.

ವಹಿಗಳಿಗೆ ಗೆದ್ದಲೊಂದೇ ಶತ್ರುವಲ್ಲ. ಒಂದು ಶಾಲೆಯಲ್ಲಿ ನಾವು ಕೇಳಿದ ವರ್ಷದ ಪುಸ್ತಕವನ್ನು ಕೊಠಡಿಗೆ ಸುಣ್ಣ ಬಳಿಯುವಾಗ ಹಳೆಯ ಕಾಗದದೊಡನೆ ಮಾರಿಬಿಟ್ಟಿದ್ದರು. ಮನೆಯ ಟ್ರಂಕಿನಲ್ಲಿ ಹಳೆಯ ವರ್ಗಾವಣೆ ಪತ್ರವೋ ಅಂಕಪಟ್ಟಿಯೋ ಇರುವವರು ಅದರ ಪ್ರತಿಯೊಂದನ್ನು ನಮ್ಮ ಕಚೇರಿಗೆ ತಂದುಕೊಡಿರಿ. ಜ್ಞಾನಸ್ನಾನದ ವಹಿಯ ಜೊತೆಯಲ್ಲಿ ಅದೇ ಬೀರುವಿನಲ್ಲಿ ಇಡುತ್ತೇವೆ. ಭಾನುವಾರ ಎರಡನೆಯ ಪೂಜೆಯ ನಂತರ ನಾವು ಕಚೇರಿಯಲ್ಲಿರುತ್ತೇವೆ.