ಮನೆ ಹೆಸರೇ ತಂಡದ ಹೆಸರು

ಏಪ್ರಿಲ್ ತಿಂಗಳಲ್ಲಿ ಕೊಡಗಿನ ಹಾಕಿ ಮೈದಾನದ ಅಂಚಿಗೆ ಬಂದು ನಿಂತ ಹೊರಗಿನವರಿಗೆ ಮೊದಲು ಗೊಂದಲವಾಗುವುದು ಅಂಕಪಟ್ಟಿ ನೋಡಿದಾಗ. ಅಲ್ಲಿ ಊರಿನ ಹೆಸರಿಲ್ಲ, ಕ್ಲಬ್ಬಿನ ಹೆಸರಿಲ್ಲ, ಬ್ಯಾಂಕು, ರೈಲ್ವೆಗಳ ಹೆಸರೂ ಇಲ್ಲ. ಇರುವುದು ಮನೆತನಗಳ ಹೆಸರು: ಪಾಂಡಂಡ, ಕುಲ್ಲೇಟಿರ, ಬಿದ್ದಾಟಂಡ, ಮುದ್ದಂಡ. ಆಟಗಾರರ ವಯಸ್ಸೂ ಅಷ್ಟೇ ವಿಚಿತ್ರ. ಒಂದೇ ತಂಡದಲ್ಲಿ ಶಾಲಾ ಬಾಲಕ, ನಿವೃತ್ತ ಸೈನಿಕ, ಬೆಂಗಳೂರಿನಿಂದ ರಜೆ ಹಾಕಿ ಬಂದ ಎಂಜಿನಿಯರ್, ಅವರ ಮಧ್ಯೆ ಒಬ್ಬ ಗೃಹಿಣಿ. ಎದುರು ತಂಡದ ಬಲಗಡೆ ಓಡುತ್ತಿರುವಾತ ರಾಷ್ಟ್ರೀಯ ತಂಡದಲ್ಲಿ ಆಡಿದವನಾಗಿದ್ದರೂ ಆಶ್ಚರ್ಯವಿಲ್ಲ.

ಇದು ಕೊಡವ ಕುಟುಂಬಗಳ ನಡುವಣ ಹಾಕಿ ಉತ್ಸವ. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಎಂಬ ಪುಟ್ಟ ಗ್ರಾಮದಲ್ಲಿ ಶುರುವಾಯಿತು. ಪಾಂಡಂಡ ಕುಟ್ಟಪ್ಪ ಎಂಬ ಹಾಕಿಪ್ರೇಮಿಯ ತಲೆಯಲ್ಲಿ ಹುಟ್ಟಿದ ಯೋಚನೆ ಅದು. ಕೊಡವರು ಕೆಲಸ ಹುಡುಕಿಕೊಂಡು ಊರು ಬಿಡುತ್ತಿದ್ದಾರೆ, ಒಂದೇ ಮನೆತನದವರಿಗೆ ಪರಸ್ಪರ ಪರಿಚಯ ಇಲ್ಲದಂತಾಗುತ್ತಿದೆ. ಅವರನ್ನೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಸೇರಿಸಬೇಕು ಎಂಬುದು ಕುಟ್ಟಪ್ಪನವರ ಆಸೆ. ಸಭೆ ಕರೆದರೆ ಬರುವವರು ಕಡಿಮೆ, ಹಾಕಿ ಎಂದರೆ ಬಾರದವರು ಕಡಿಮೆ. ಈ ಲೆಕ್ಕ ಸರಿಯಾಗಿತ್ತು. ಮೊದಲ ವರ್ಷವೇ 60 ಕುಟುಂಬಗಳು ಆಡಿದವು. ಖರ್ಚುವೆಚ್ಚ ಹೊತ್ತದ್ದು ಪಾಂಡಂಡ ಕುಟುಂಬ. ಕಪ್ಪಿಗೂ ಅದೇ ಹೆಸರು.

ಅಲ್ಲಿಂದ ಮುಂದೆ ಒಂದೊಂದು ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುವ ಪದ್ಧತಿ ಬಂತು. ಮೈದಾನ ಸಜ್ಜು ಮಾಡುವುದು, ತಂಡಗಳ ಪಟ್ಟಿ, ಊಟೋಪಚಾರ, ಗ್ಯಾಲರಿ, ಎಲ್ಲವೂ ಆ ಕುಟುಂಬದ ಹೊಣೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ನೆರವೂ ಸಿಗುತ್ತಿದೆ ನಿಜ. ಆದರೆ ದುಡಿಯುವ ಕೈಗಳು ಮಾತ್ರ ಮನೆಯವೇ.

ಈ ಉತ್ಸವ ಅರ್ಥವಾಗಬೇಕಾದರೆ 'ಒಕ್ಕ' ಎಂಬ ಮಾತು ಅರ್ಥವಾಗಬೇಕು. ಒಬ್ಬ ಮೂಲಪುರುಷನಿಂದ ಗಂಡು ಸಂತತಿಯ ಮೂಲಕ ಬೆಳೆದು ಬಂದ ಮನೆತನವೇ ಒಕ್ಕ. ಆ ಮೂಲಪುರುಷ ಕಾರಣ. ಹಬ್ಬದ ದಿನ ಅವನಿಗೆ ಎಡೆ ಇಡುತ್ತಾರೆ. ಒಕ್ಕಕ್ಕೊಂದು ಐನ್‌ಮನೆ, ಅಂದರೆ ಹಿರಿಯರ ಮನೆ. ಅದರ ನಡುಮನೆಯಲ್ಲಿ ತೂಗುದೀಪ. ಹಿರಿಯನಾದವನು ಪಟ್ಟೆದಾರ. ಹಿಂದೆ ಎಲ್ಲರೂ ಐನ್‌ಮನೆಯಲ್ಲೇ ಇದ್ದು ಒಕ್ಕದ ಜಮ್ಮಾ ಗದ್ದೆಯನ್ನು ಒಟ್ಟಾಗಿ ಉಳುತ್ತಿದ್ದರು. ಕಾಫಿ ತೋಟಗಳು ಬಂದವು, ಪಟ್ಟಾಳದ ನೌಕರಿ ಬಂತು, ಓದು ಬಂತು. ಜನ ಚದುರಿದರು. ಎಷ್ಟೋ ಐನ್‌ಮನೆಗಳಲ್ಲಿ ಇಂದು ದೀಪ ಹಚ್ಚಲು ಒಬ್ಬಿಬ್ಬರು ವೃದ್ಧರಷ್ಟೇ ಉಳಿದಿದ್ದಾರೆ.

ಮನೆತನದ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಳ್ಳುವುದು ಕೊಡವರ ರೂಢಿ. ಪತ್ರಿಕೆಗಳ ಇನಿಷಿಯಲ್ಲುಗಳಲ್ಲಿ ಅದು ಅಡಗಿ ಹೋಗುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ 'ಕೆ' ಕೂಡ ಕೊಡಂದೇರ ಎಂಬ ಒಂದೇ ಮನೆತನ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್ ಅವರ 'ಎಂ' ಮೊಳ್ಳೇರ. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಮನೆಯಪಂಡದವರು. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅಂಜಪರವಂಡ. ದೇಶಕ್ಕಾಗಿ ಆಡುವಾಗ ಒಂದಕ್ಷರವಾಗಿ ಕುಗ್ಗುವ ಹೆಸರು, ಕೊಡಗಿನ ಮೈದಾನದಲ್ಲಿ ಪೂರ್ತಿ ಹಿಗ್ಗುತ್ತದೆ.

ಬೇರೆ ಊರುಗಳ ಹಾಕಿ ಟೂರ್ನಿಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಆಟಗಾರನನ್ನು ಇಲ್ಲಿ ಕೊಂಡು ತರುವಂತಿಲ್ಲ. ಹನ್ನೊಂದು ಜನ ಮನೆಯಿಂದಲೇ ಬರಬೇಕು. ನೂರಾರು ಮಂದಿಯಿರುವ ದೊಡ್ಡ ಒಕ್ಕಕ್ಕೆ ಇದು ಕಷ್ಟವಲ್ಲ. ಸಣ್ಣ ಒಕ್ಕದ ಪಾಡೇ ಬೇರೆ. ಮೂರು ನಾಲ್ಕು ಸಂಸಾರಗಳಷ್ಟೇ ಉಳಿದ ಮನೆತನ ಹನ್ನೊಂದು ಮಂದಿಯನ್ನು ಹೊಂದಿಸಬೇಕಾದರೆ ಅಜ್ಜನೂ ಬೂಟು ಕಟ್ಟಬೇಕು, ಹೈಸ್ಕೂಲು ಹುಡುಗಿಯೂ ಸ್ಟಿಕ್ ಹಿಡಿಯಬೇಕು. ಹೆಂಗಸರು ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುವ ನೋಟವನ್ನು ಹೊರಗಿನ ವರದಿಗಾರರು ಸಮಾನತೆಯ ಸಂಕೇತವೆಂದು ಮೆಚ್ಚಿ ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಅದರ ಹಿಂದೆ ತಲೆ ಎಣಿಕೆಯ ಒತ್ತಡವೂ ಇದೆ ಎಂಬುದನ್ನು ಮರೆಯಬಾರದು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆಯೇ 5,54,519. ಅದರಲ್ಲಿ ಕೊಡವರು ಅಲ್ಪಸಂಖ್ಯಾತರು. ಮೊದಲ ಪಂದ್ಯದಲ್ಲೇ ಆರು ಗೋಲುಗಳಿಂದ ಸೋತು ಮನೆಗೆ ಹೋಗುವ ತಂಡಕ್ಕೂ ಚಪ್ಪಾಳೆ ಬೀಳುವುದು ಈ ಕಾರಣಕ್ಕೆ. ಆ ಮನೆತನ ಇನ್ನೂ ಇದೆ ಎಂಬುದಕ್ಕೆ ಆ ಸೋಲೇ ಪುರಾವೆ.

ಏಪ್ರಿಲ್ ತಿಂಗಳೇ ಏಕೆ? ಕೊಡಗಿನ ವರ್ಷ ಮಳೆ ಮತ್ತು ಬೆಳೆಗಳ ಲೆಕ್ಕದಲ್ಲಿ ನಡೆಯುತ್ತದೆ. ಜೂನ್‌ನಿಂದ ಮಳೆ ಹಿಡಿದರೆ ಗದ್ದೆ ಕೆಲಸ; ಕಕ್ಕಡ ಮಾಸದಲ್ಲಿ ಮನೆಯಿಂದ ಹೊರಬೀಳುವುದೇ ಕಷ್ಟ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್: ಆಯುಧಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಗ್ರಾಮದ ಆಟೋಟ. ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣ. ನವೆಂಬರ್ ಅಥವಾ ಡಿಸೆಂಬರಿನಲ್ಲಿ ಹೊಸ ಭತ್ತದ ಪುತ್ತರಿ, ಮಂದ್‌ಗಳಲ್ಲಿ ಕೋಲಾಟ. ಅದು ಮುಗಿಯುವ ಹೊತ್ತಿಗೆ ಕಾಫಿ ಕೊಯ್ಲು ಶುರು; ಮಾರ್ಚಿನವರೆಗೂ ಬಿಡುವಿಲ್ಲ. ನಡುವೆ ಹೂಮಳೆಗಾಗಿ ಕಾಯುವ ಆತಂಕ ಬೇರೆ, ಅದು ತಪ್ಪಿದರೆ ಮುಂದಿನ ವರ್ಷದ ಫಸಲು ತಪ್ಪಿತು. ಇಷ್ಟೆಲ್ಲ ಕಳೆದು ಮುಂಗಾರಿಗೆ ಮುಂಚೆ ಉಳಿಯುವ ಬಿಡುವು ಏಪ್ರಿಲ್ ಮತ್ತು ಮೇ. ಶಾಲೆಗಳಿಗೂ ರಜೆ. ಇನ್ನು ಕೊಯ್ಲಾದ ಗದ್ದೆಯೋ, ಹಳ್ಳಿ ಶಾಲೆಯ ಅಂಗಳವೋ, ಅಭ್ಯಾಸಕ್ಕೆ ಜಾಗದ ಬರವಿಲ್ಲ.

60ರಿಂದ ಆರಂಭವಾದ ಸಂಖ್ಯೆ ಏರುತ್ತಲೇ ಹೋಯಿತು. 2017ರಲ್ಲಿ ನಾಪೋಕ್ಲಿನಲ್ಲಿ ನಡೆದ ಬಿದ್ದಾಟಂಡ ಕಪ್‌ನಲ್ಲಿ 300 ದಾಟಿತು. 2018ರ ಕುಲ್ಲೇಟಿರ ಕಪ್ ಕೂಡ ಅಲ್ಲೇ. ಅದಾಗಿ ಕೆಲವೇ ತಿಂಗಳಿಗೆ, ಆಗಸ್ಟ್‌ನಲ್ಲಿ ಬಂದ ಮಹಾಮಳೆಗೆ ಉತ್ತರ ಕೊಡಗಿನ ಗುಡ್ಡಗಳೇ ಕುಸಿದವು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಮನೆ, ತೋಟ, ಗದ್ದೆಗಳು ಮಣ್ಣಿನಡಿ ಹೋದವು. ಗದ್ದೆಯೇ ಇಲ್ಲದವರ ಎದುರು ಆಟವಾಡುವುದು ಹೇಗೆ? 2019ರಲ್ಲಿ ಉತ್ಸವ ನಡೆಯಲಿಲ್ಲ. ನಂತರ ಕೋವಿಡ್ ಬಂತು. 2020ರಲ್ಲಿ ಕುಟ್ಟಪ್ಪ ತೀರಿಕೊಂಡರು. ಇಷ್ಟು ಬಿಡುವಾದ ಮೇಲೆ ಉತ್ಸವ ಮತ್ತೆ ಮೊದಲಿನಂತಾದೀತೇ ಎಂಬ ಅನುಮಾನ ಸಹಜವೇ ಆಗಿತ್ತು.

2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲಿನಲ್ಲಿ ಮತ್ತೆ ಆರಂಭಿಸಿತು. ತಂಡಗಳು ಕಡಿಮೆಯಾಗುವ ಬದಲು ಹೆಚ್ಚಾದವು. 2024ರಲ್ಲಿ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದು ಗಿನ್ನಿಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಸೋತವರು ಹೊರಗೆ ಎಂಬ ನಾಕೌಟ್ ಲೆಕ್ಕದಲ್ಲಿ 396 ತಂಡಗಳಿಗೆ 395 ಪಂದ್ಯ ಬೇಕು. ಒಂದು ಮೈದಾನ, ಒಂದು ವಾರ ಸಾಲದು. ಉತ್ಸವ ಸುಮಾರು ಒಂದು ತಿಂಗಳು ನಡೆಯುವುದು ಇದರಿಂದಲೇ.

ಈ ಉತ್ಸವದ ಬಗ್ಗೆ ಒಂದು ಪ್ರಶ್ನೆ ಆಗಾಗ ಏಳುತ್ತದೆ. ಕೊಡಗಿನ ಹಾಕಿ ಕೊಡವರದ್ದಷ್ಟೇ ಅಲ್ಲ. ಭಾರತಕ್ಕೆ ದೀರ್ಘಕಾಲ ಆಡಿದ ಎಸ್.ವಿ. ಸುನಿಲ್ ಸೋಮವಾರಪೇಟೆಯವರು, ಈ ಒಕ್ಕಗಳ ಪಟ್ಟಿಗೆ ಸೇರಿದವರಲ್ಲ. 1975ರ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ ಕೂಡ ಆ ಕಡೆಯವರೇ. ಒಂದು ಸಮುದಾಯಕ್ಕೆ ಸೀಮಿತವಾದ ಉತ್ಸವ ಪಕ್ಕದ ಮನೆಯವನನ್ನು ಪ್ರೇಕ್ಷಕನನ್ನಾಗಿಸುತ್ತದಲ್ಲ ಎಂಬ ಮಾತು ತಳ್ಳಿಹಾಕುವಂಥದ್ದಲ್ಲ. ಪಕ್ಕದ ಮನೆಯವನು ಸುಮ್ಮನೆ ಕೂರಲಿಲ್ಲ ಎಂಬುದೂ ನಿಜ. ಅರೆಭಾಷೆ ಗೌಡ ಕುಟುಂಬಗಳು ತಮ್ಮದೇ ಕಪ್ ಆರಂಭಿಸಿದವು. ಅವರು ಆರಿಸಿಕೊಂಡದ್ದು ಕ್ರಿಕೆಟ್. ಜಿಲ್ಲೆಯ ಇತರ ಸಮುದಾಯಗಳೂ ಇದೇ ದಾರಿ ಹಿಡಿದಿವೆ.

ಕ್ರಿಕೆಟ್ ಕೊಡಗಿನ ಹಾಕಿಯನ್ನು ನುಂಗುತ್ತದೆಯೇ ಎಂದು ಕೇಳುವವರು ರಾಬಿನ್ ಉತ್ತಪ್ಪನ ಹೆಸರೆತ್ತುತ್ತಾರೆ. 2007ರಲ್ಲಿ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಈತನ ತಂದೆ ವೇಣು ಉತ್ತಪ್ಪ ಅಂತರರಾಷ್ಟ್ರೀಯ ಹಾಕಿ ರೆಫರಿ. ಕರ್ನಾಟಕಕ್ಕೆ ಬೌಲ್ ಮಾಡಿದ ಎನ್.ಸಿ. ಅಯ್ಯಪ್ಪ, ಕೆ.ಪಿ. ಅಪ್ಪಣ್ಣ ಕೂಡ ಕೊಡಗಿನ ಮೂಲದವರು. ಹಳ್ಳಿ ಹುಡುಗರ ಕೈಯಲ್ಲಿ ಇಂದು ಬ್ಯಾಟೇ ಹೆಚ್ಚು. ಆದರೆ ಮಾರ್ಚ್ ಕೊನೆಗೆ ಕಾಫಿ ಕಣದಿಂದ ಮೇಲೆದ್ದ ಕೂಡಲೇ ಅದೇ ಹುಡುಗರು ಅಟ್ಟದಿಂದ ಹಳೆಯ ಹಾಕಿ ಸ್ಟಿಕ್ ಇಳಿಸುತ್ತಾರೆ. ಪಟ್ಟೆದಾರರ ಫೋನ್ ಬಂದಿರುತ್ತದೆ: ತಂಡಕ್ಕೆ ಇನ್ನೂ ಇಬ್ಬರು ಬೇಕು.